ಸರಾಸರಿ ಮನುಷ್ಯನನ್ನು ಹುಡುಕಿದ ಗಣಿತ ಮೇಷ್ಟ್ರು: ಅಡಾಲ್ಫ್ ಕೆಟ್ಲೆ

ಬೋಧನಾಭ್ಯಾಸಕ್ಕೆ ಹೊರಡುವ ನಮ್ಮ ಗಣಿತ ಪ್ರಶಿಕ್ಷಣಾರ್ಥಿಗಳ ಪಾಠಯೋಜನೆಗಳನ್ನು ನಾನು ಪ್ರತಿವರ್ಷ ನೋಡುತ್ತೇನೆ. ಸರಾಸರಿಯ ಪಾಠಕ್ಕೆ ಒಂದು ಚಟುವಟಿಕೆ ತಪ್ಪದೆ ಬರುತ್ತದೆ: ಮಕ್ಕಳ ಎತ್ತರ, ತೂಕ ಅಳೆದು ಬಿಎಂಐ ಲೆಕ್ಕ ಹಾಕಿಸುವುದು. ಆ ಸೂತ್ರದ ಹಿಂದೆ ಒಬ್ಬ ಗಣಿತ ಶಿಕ್ಷಕರ ಬದುಕಿದೆ. ಅದನ್ನು ಅರಿತವರಿಗೆ ಸೂತ್ರವನ್ನು ಎಲ್ಲಿ ಬಳಸಬೇಕು, ಎಲ್ಲಿ ಕೈಬಿಡಬೇಕು ಎಂಬುದೂ ಅರಿವಾಗುತ್ತದೆ.

ಅಡಾಲ್ಫ್ ಕೆಟ್ಲೆ 1796ರ ಫೆಬ್ರವರಿ 22ರಂದು ಇಂದಿನ ಬೆಲ್ಜಿಯಂನ ಘೆಂಟ್ ನಗರದಲ್ಲಿ ಜನಿಸಿದರು. ಏಳು ವರ್ಷದವರಿದ್ದಾಗಲೇ ತಂದೆ ತೀರಿಕೊಂಡರು. ಹದಿಹರೆಯ ಮುಗಿಯುವ ಮೊದಲೇ ಪಾಠ ಹೇಳಿ ದುಡಿಯಬೇಕಾಯಿತು. ಕವಿತೆ, ಸಂಗೀತ ನಾಟಕಗಳ ಕಡೆಗೂ ಮನಸ್ಸಿತ್ತು. ಕೊನೆಗೆ ಗೆದ್ದದ್ದು ಗಣಿತ. 1819ರಲ್ಲಿ ಘೆಂಟ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು ಬ್ರಸೆಲ್ಸ್‌ನಲ್ಲಿ ಗಣಿತ ಬೋಧಕರಾದರು. ಜನಸಾಮಾನ್ಯರಿಗೂ ವಿಜ್ಞಾನದ ಉಪನ್ಯಾಸ ಕೊಟ್ಟರು, ಖಗೋಳಶಾಸ್ತ್ರವನ್ನು ತಿಳಿಯಾಗಿ ಹೇಳುವ ಪುಸ್ತಕ ಬರೆದರು.

ಬ್ರಸೆಲ್ಸ್‌ಗೆ ಒಂದು ವೀಕ್ಷಣಾಲಯ ಬೇಕೆಂದು ಸರ್ಕಾರವನ್ನು ಒಪ್ಪಿಸಿದ ಅವರನ್ನು 1823ರಲ್ಲಿ ಪ್ಯಾರಿಸ್‌ಗೆ ಕಳುಹಿಸಲಾಯಿತು. ಉಪಕರಣಗಳ ಬಳಕೆ ಕಲಿಯಲು ಹೋದವರು ಅಲ್ಲಿ ಸಂಭವನೀಯತೆಯ ಗಣಿತವನ್ನೂ ಕಲಿತು ಬಂದರು. ಒಂದೇ ನಕ್ಷತ್ರದ ಸ್ಥಾನವನ್ನು ಹತ್ತು ಬಾರಿ ಅಳೆದರೆ ಹತ್ತು ಉತ್ತರ ಬರುತ್ತವೆ. ಅವು ಒಂದು ನಡುಬೆಲೆಯ ಸುತ್ತ ಗುಂಪುಗೂಡುತ್ತವೆ. ದೂರ ಹೋದಂತೆ ವಿರಳವಾಗುತ್ತವೆ. ಮನುಷ್ಯರ ಅಳತೆಗಳೂ ಹೀಗೆಯೇ ಇರಬಹುದೇ ಎಂಬ ಪ್ರಶ್ನೆ ಅವರನ್ನು ಹಿಡಿದುಕೊಂಡಿತು.

5,700ಕ್ಕೂ ಹೆಚ್ಚು ಸ್ಕಾಟ್ಲೆಂಡ್ ಸೈನಿಕರ ಎದೆಯ ಸುತ್ತಳತೆಗಳನ್ನು ಪಟ್ಟಿ ಮಾಡಿ ನೋಡಿದಾಗ ಅದೇ ಗಂಟೆಯಾಕಾರ ಕಾಣಿಸಿತು. ಫ್ರಾನ್ಸಿನ ಸೇನಾ ಭರ್ತಿಯ ದಾಖಲೆಗಳಲ್ಲಿ ಮಾತ್ರ ಆಕಾರ ಕೆಟ್ಟಿತ್ತು. ಸೇನೆಗೆ ಬೇಕಾದ ಕನಿಷ್ಠ ಎತ್ತರಕ್ಕಿಂತ ತುಸು ಗಿಡ್ಡ ಎಂದು ಬರೆಸಿಕೊಂಡವರು ಲೆಕ್ಕಕ್ಕೆ ಮೀರಿ ಇದ್ದರು, ಅದಕ್ಕಿಂತ ತುಸು ಎತ್ತರದವರು ಕಡಿಮೆ ಇದ್ದರು. ಸೈನ್ಯಕ್ಕೆ ಹೋಗುವುದನ್ನು ತಪ್ಪಿಸಿಕೊಳ್ಳಲು ಅಳತೆಯನ್ನೇ ತಗ್ಗಿಸಲಾಗಿದೆ ಎಂದು ಅವರು ತರ್ಕಿಸಿದರು. ಅಳತೆಯಿಂದ ತೊಂದರೆಯಾಗುತ್ತದೆ ಎಂದಾದರೆ ಜನ ಅಳತೆಯನ್ನೇ ಬಾಗಿಸುತ್ತಾರೆ. ತರಗತಿಯಲ್ಲಿ ಟೇಪು ಹಿಡಿದು ನಿಲ್ಲುವವರು ಇದನ್ನು ನೆನಪಿಡಬೇಕು.

1835ರಲ್ಲಿ ಪ್ರಕಟವಾದ ಅವರ ದೊಡ್ಡ ಗ್ರಂಥದಲ್ಲಿ ಸರಾಸರಿ ಮನುಷ್ಯ ಎಂಬ ಕಲ್ಪನೆ ಬಂತು. ಬೆಳವಣಿಗೆಯ ಅಧ್ಯಯನ ಮಾಡುತ್ತ ಎತ್ತರ ಮತ್ತು ತೂಕದ ಸಂಬಂಧವನ್ನೂ ಅವರು ಹುಡುಕಿದರು. ದೇಹ ಎಲ್ಲ ದಿಕ್ಕಿನಲ್ಲೂ ಸಮವಾಗಿ ಹಿಗ್ಗುವುದಾದರೆ ತೂಕವು ಎತ್ತರದ ಘನಕ್ಕೆ ತಕ್ಕಂತೆ ಏರಬೇಕು. ಆದರೆ ವಯಸ್ಕರಲ್ಲಿ ಅದು ಹೆಚ್ಚುಕಡಿಮೆ ಎತ್ತರದ ವರ್ಗಕ್ಕೆ ತಕ್ಕಂತೆ ಏರುತ್ತಿತ್ತು. ಎತ್ತರದವರು ಆ ಪ್ರಮಾಣದಲ್ಲಿ ಅಗಲವಾಗಿರುವುದಿಲ್ಲ. ಬೊಜ್ಜನ್ನು ಅಳೆಯುವುದು ಕೆಟ್ಲೆಯವರ ಉದ್ದೇಶವಾಗಿರಲಿಲ್ಲ. 1972ರಲ್ಲಿ ಆನ್ಸೆಲ್ ಕೀಸ್ ಮತ್ತು ಸಂಗಡಿಗರು ಈ ಅನುಪಾತಕ್ಕೆ ಬಾಡಿ ಮಾಸ್ ಇಂಡೆಕ್ಸ್ ಎಂದು ಹೆಸರಿಟ್ಟರು.

1853ರಲ್ಲಿ ಬ್ರಸೆಲ್ಸ್‌ನಲ್ಲಿ ಮೊದಲ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮ್ಮೇಳನ ನಡೆದದ್ದು ಅವರ ಪ್ರಯತ್ನದಿಂದ. ಫ್ಲಾರೆನ್ಸ್ ನೈಟಿಂಗೇಲ್ ಅವರನ್ನು ಗುರುವಿನಂತೆ ಕಂಡರು. 1855ರಲ್ಲಿ ಪಾರ್ಶ್ವವಾಯು ಬಡಿದರೂ ಕೆಲಸ ಬಿಡಲಿಲ್ಲ. 1874ರ ಫೆಬ್ರವರಿ 17ರಂದು ಬ್ರಸೆಲ್ಸ್‌ನಲ್ಲಿ ನಿಧನರಾದರು.

ಈಗ ಪಾಠಕ್ಕೆ ಬರೋಣ. 1.70 ಮೀಟರ್ ಎತ್ತರ, 70 ಕಿಲೋ ತೂಕದ ವ್ಯಕ್ತಿಯ ಬಿಎಂಐ 70 ಭಾಗಿಸು 2.89, ಅಂದರೆ ಸುಮಾರು 24.2. ಈ ಸಂಖ್ಯೆಗೆ ಕೊಬ್ಬು ಯಾವುದು, ಸ್ನಾಯು ಯಾವುದು ಎಂದು ಗೊತ್ತಿಲ್ಲ. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ ಅವರ ಚಿತ್ರ ಪ್ರಕಟಿಸಿತು. ಇಬ್ಬರ ಬಿಎಂಐಯೂ 22.3. ಆದರೆ ದೇಹದ ಕೊಬ್ಬು ಯುಡ್ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2.

ಮನೆಯಲ್ಲೇ ಕೊಬ್ಬಿನ ಅಂದಾಜು ಬೇಕಿದ್ದರೆ ತಕ್ಕಡಿಗಿಂತ ಟೇಪು ಹೆಚ್ಚು ಹೇಳುತ್ತದೆ. 2018ರಲ್ಲಿ ಪ್ರಕಟವಾದ ಒಂದು ಸರಳ ಸೂತ್ರವಿದೆ: ಎತ್ತರವನ್ನು ಸೊಂಟದ ಸುತ್ತಳತೆಯಿಂದ ಭಾಗಿಸಿ, 20ರಿಂದ ಗುಣಿಸಿ, ಗಂಡಸರಾದರೆ 64ರಿಂದ, ಹೆಂಗಸರಾದರೆ 76ರಿಂದ ಕಳೆಯಬೇಕು. ಎತ್ತರ 170, ಸೊಂಟ 85 ಸೆಂ.ಮೀ. ಇರುವ ಗಂಡಸಿಗೆ ಉತ್ತರ ಶೇ. 24. ಟೇಪು ಸೊಂಟದ ಮೂಳೆಯ ಮೇಲಂಚಿನ ಮಟ್ಟದಲ್ಲಿ ಅಡ್ಡಡ್ಡವಾಗಿರಲಿ. ಸಹಜವಾಗಿ ಉಸಿರು ಬಿಟ್ಟ ಮೇಲೆ ಅಳೆಯಿರಿ. ಹೊಟ್ಟೆ ಒಳಗೆಳೆದುಕೊಂಡರೆ ಫ್ರಾನ್ಸಿನ ಆ ದಾಖಲೆಗಳ ಕಥೆಯೇ ಆಗುತ್ತದೆ. ಟೇಪೂ ಇಲ್ಲವೇ? ನಿಮ್ಮ ಎತ್ತರದಷ್ಟು ದಾರ ಕತ್ತರಿಸಿ ಮಧ್ಯಕ್ಕೆ ಮಡಿಸಿ. ಅದು ಸೊಂಟವನ್ನು ಸುತ್ತದಿದ್ದರೆ ಎಚ್ಚರ ವಹಿಸುವುದು ಒಳ್ಳೆಯದು. ಇವೆಲ್ಲ ಅಂದಾಜುಗಳು, ರೋಗನಿರ್ಣಯವಲ್ಲ. ಮೇಲಿನ ಸೂತ್ರವಂತೂ ವಯಸ್ಕರಿಗೆ ಮಾತ್ರ. ಬೆಳೆಯುವ ಮಕ್ಕಳಿಗೆ ಅನ್ವಯಿಸುವುದಿಲ್ಲ.

ಒಂದು ಶಾಲೆಯಲ್ಲಿ ನಾನು ವೀಕ್ಷಿಸಿದ ಪಾಠದಲ್ಲಿ ಮಕ್ಕಳ ಹೆಸರು ಕೂಗಿ, ತೂಕವನ್ನು ಕಪ್ಪುಹಲಗೆಯ ಮೇಲೆ ಬರೆಯಲಾಗುತ್ತಿತ್ತು. ಒಬ್ಬ ಹುಡುಗಿ ತನ್ನ ಸರದಿ ಬಂದಾಗ ಚೀಲವನ್ನು ಎದೆಗವಚಿಕೊಂಡು ಕುಳಿತೇ ಇದ್ದಳು. ಪಾಠ ಮುಗಿಯುವವರೆಗೂ ತಲೆಯೆತ್ತಲಿಲ್ಲ. ಲೆಕ್ಕ ಸರಿಯಾಗಿತ್ತು, ಸರಾಸರಿಯೂ ಸರಿಯಾಗಿ ಬಂತು. ಆ ಮಗುವಿಗೆ ಅಂದು ಗಣಿತ ಮಾತ್ರ ದಕ್ಕಲಿಲ್ಲ.

ಆದ್ದರಿಂದ ಪ್ರಶಿಕ್ಷಣಾರ್ಥಿಗಳಿಗೆ ನಾನು ಹೇಳುವುದಿಷ್ಟು. ಸರಾಸರಿ ಕಲಿಸಲು ಗೇಣಿನ ಉದ್ದವೋ ಹೆಜ್ಜೆಯ ಉದ್ದವೋ ಸಾಕು. ಬಿಎಂಐಯನ್ನೇ ಕಲಿಸಬೇಕೆಂದರೆ ಹೆಸರಿಲ್ಲದ ಕಲ್ಪಿತ ಅಂಕಿಗಳನ್ನು ಕೊಡಿ. ಘನ ಬಿಟ್ಟು ವರ್ಗ ಏಕೆ ಎಂದು ಚರ್ಚಿಸಲು ಬಿಡಿ. ಕೆಟ್ಲೆಯವರ ಸರಾಸರಿ ಮನುಷ್ಯ ಸಾವಿರಾರು ಜನರಿಂದ ಕಟ್ಟಿದ ಲೆಕ್ಕ. ನಮ್ಮ ತರಗತಿಯ ಯಾವ ಬೆಂಚಿನಲ್ಲೂ ಅವನು ಕುಳಿತಿಲ್ಲ.