ಕವಿಶಿಷ್ಯರ ತರಗತಿ

ನಮ್ಮ ಪ್ರಾಥಮಿಕ ಶಾಲೆಗಳ ವಾರ್ಷಿಕೋತ್ಸವದಲ್ಲಿ ಪಂಜೆ ಮಂಗೇಶರಾಯರ ನಾಗರಹಾವಿನ ಹಾಡು ಇಲ್ಲದಿದ್ದರೆ ಕಾರ್ಯಕ್ರಮ ಪೂರ್ಣವಾದಂತೆ ಅನ್ನಿಸುವುದಿಲ್ಲ. ಹಳದಿ ಸ್ಯಾಟಿನ್ ಬಟ್ಟೆಯ ಹೆಡೆ ಕಟ್ಟಿಕೊಂಡ ಎಂಟು ಮಕ್ಕಳು ಧ್ವನಿವರ್ಧಕದಿಂದ ಬರುವ ಮುದ್ರಿತ ಹಾಡಿಗೆ ತಲೆದೂಗುತ್ತಾರೆ. ತಂದೆತಾಯಿಗಳು ಮೊಬೈಲಿನಲ್ಲಿ ಚಿತ್ರ ಹಿಡಿಯುತ್ತಾರೆ. ಪಂಜೆಯವರು ನಮಗೆ ಉಳಿದಿರುವುದು ಬಹುಮಟ್ಟಿಗೆ ಹೀಗೆಯೇ, ವೇದಿಕೆಯ ಮೂರು ನಿಮಿಷಗಳ ಕವಿಯಾಗಿ. ಅವರ ಬದುಕು ಕಳೆದದ್ದು ಮಾತ್ರ ವೇದಿಕೆಯ ಮೇಲಲ್ಲ. ಅಧ್ಯಾಪಕರಾಗಿ, ಶಾಲಾ ಇನ್‌ಸ್ಪೆಕ್ಟರರಾಗಿ, ಮುಖ್ಯೋಪಾಧ್ಯಾಯರಾಗಿ ಅವರು ಆಯುಷ್ಯದ ಬಹುಪಾಲನ್ನು ವಿದ್ಯಾ ಇಲಾಖೆಯ ಚಾಕರಿಯಲ್ಲಿ ಸವೆಸಿದರು. ಅವರ ಹಾಡು, ಕತೆಗಳು ಆ ಕಸುಬಿನ ಉಪಕರಣಗಳೆಂದೇ ನನ್ನ ತಿಳಿವಳಿಕೆ. ಬಡಗಿಗೆ ಉಳಿ ಹೇಗೋ ಅವರಿಗೆ ಹಾಡು ಹಾಗೆ. ಉಳಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ.

ಅವರು ಹುಟ್ಟಿದ್ದು 1874ರ ಫೆಬ್ರವರಿಯಲ್ಲಿ, ನೇತ್ರಾವತಿಯ ದಂಡೆಯ ಬಂಟ್ವಾಳದಲ್ಲಿ. ತಂದೆ ರಾಮಪ್ಪಯ್ಯ. ಘಟ್ಟದ ಮೇಲಿನ ಸರಕು ಇಳಿದು ಹೊಳೆಯ ಹಾದಿ ಹಿಡಿದು ಮಂಗಳೂರಿಗೆ ಸಾಗುತ್ತಿದ್ದ ಪೇಟೆ ಅದು. ಮನೆಯ ಮಾತು ಕೊಂಕಣಿ. ಅಂಗಡಿಬೀದಿಯ ಮಾತು ತುಳು. ಪಕ್ಕದ ಕೇರಿಯಲ್ಲಿ ಬ್ಯಾರಿ. ಕನ್ನಡ ಕಿವಿಗೆ ಬೀಳುತ್ತಿದ್ದುದು ಯಕ್ಷಗಾನದ ರಂಗಸ್ಥಳದಲ್ಲಿ, ಪುರಾಣ ಓದುವ ಜಗಲಿಯಲ್ಲಿ, ಮತ್ತೆ ಶಾಲೆಯಲ್ಲಿ. ಕರಾವಳಿಯ ಮಗುವಿಗೆ ಕನ್ನಡವೆಂಬುದು ಆರನೆಯ ವಯಸ್ಸಿನಲ್ಲಿ ಸ್ಲೇಟಿನ ಜೊತೆಗೇ ಎದುರಾಗುವ ಭಾಷೆ. ಬಯಲುಸೀಮೆಯ ಓದುಗರಿಗೆ ಇದು ಸುಲಭವಾಗಿ ಹೊಳೆಯದ ಸಂಗತಿ. ಧಾರವಾಡದ ಮಗು ಶಾಲೆಯಲ್ಲಿ ಅಕ್ಷರವನ್ನಷ್ಟೇ ಕಲಿಯಬೇಕು. ಬಂಟ್ವಾಳದ ಮಗು ಅಕ್ಷರವನ್ನೂ ಅದು ಸೂಚಿಸುವ ಮಾತನ್ನೂ ಒಟ್ಟಿಗೆ ಕಲಿಯಬೇಕು. ಪಂಜೆಯವರು ಮುಂದೆ ಏನು ಮಾಡಿದರೋ ಅದರ ಬೇರು ಇಲ್ಲಿದೆ ಎಂದು ನನಗೆ ತೋರುತ್ತದೆ. ಕನ್ನಡವನ್ನು ಹೊರಗಿನಿಂದ ಒಳಕ್ಕೆ ಬರಮಾಡಿಕೊಂಡವರಿಗೆ ಅದನ್ನು ಇನ್ನೊಬ್ಬರ ಬಾಯಿಗೆ ಇಡುವ ಬಗೆ ಗೊತ್ತಿರುತ್ತದೆ.

ತಂದೆ ತೀರಿಕೊಂಡ ಮೇಲೆ ಸಂಸಾರದ ಹೊರೆ ಹೆಗಲಿಗೆ ಬಿತ್ತು. ಮಂಗಳೂರಿನಲ್ಲಿ ಮನೆಪಾಠ ಹೇಳುತ್ತ ಓದಿದರು, ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾದರು, ಬಿ.ಎ. ಮಾಡಿಕೊಂಡರು, ಎಲ್.ಟಿ. ತರಬೇತಿಯನ್ನೂ ಪಡೆದರು. ಬೆನಗಲ್ ರಾಮರಾಯರ ‘ಸುವಾಸಿನಿ’ ಪತ್ರಿಕೆಯಲ್ಲಿ 1900ರ ಸುಮಾರಿಗೆ ಬರೆದ ‘ನನ್ನ ಚಿಕ್ಕತಾಯಿ’, ‘ಕಮಲಾಪುರದ ಹೋಟ್ಲಿನಲ್ಲಿ’ ಮೊದಲಾದವು ಕನ್ನಡದ ಮೊದಮೊದಲ ಸಣ್ಣಕತೆಗಳೆಂದು ಸಾಹಿತ್ಯ ಚರಿತ್ರೆಯಲ್ಲಿ ನಿಂತಿವೆ. ಆ ದಾರಿಯಲ್ಲೇ ಮುಂದುವರಿದಿದ್ದರೆ ಅವರು ದೊಡ್ಡವರ ದೊಡ್ಡ ಲೇಖಕರಾಗುತ್ತಿದ್ದರು. ಇಲಾಖೆ ಅವರನ್ನು ಶಾಲೆಗಳ ಕಡೆಗೆ ಎಳೆಯಿತು. ನನಗೇನೋ ಅದು ಕನ್ನಡದ ಭಾಗ್ಯವೆಂದೇ ಅನ್ನಿಸಿದೆ.

ಇನ್‌ಸ್ಪೆಕ್ಟರ್ ಎಂದರೆ ಆಗ ಏನಾಗಿತ್ತು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ದಕ್ಷಿಣ ಕನ್ನಡ ಮದರಾಸು ಪ್ರಾಂತಕ್ಕೆ ಸೇರಿತ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಆ ಪ್ರಾಂತದಲ್ಲಿ ಫಲಿತಾಂಶ ನೋಡಿ ಅನುದಾನ ಕೊಡುವ ಪದ್ಧತಿ ಬಲವಾಗಿ ಬೇರುಬಿಟ್ಟಿತ್ತು. ವರ್ಷಕ್ಕೊಮ್ಮೆ ತಪಾಸಣೆಯ ಅಧಿಕಾರಿ ಬಂದು ಪ್ರತಿ ಮಗುವನ್ನೂ ನಿಲ್ಲಿಸಿ ಓದಿಸಬೇಕು, ಬರೆಸಬೇಕು, ಲೆಕ್ಕ ಕೇಳಬೇಕು. ಎಷ್ಟು ತಲೆ ಪಾಸಾದವೋ ಅಷ್ಟಕ್ಕೆ ಹಣ. ಮಗುವಿನ ನಾಲಿಗೆ ತೊದಲಿದರೆ ಮೇಷ್ಟ್ರ ಅಡುಗೆಮನೆಯಲ್ಲಿ ಅಕ್ಕಿ ಕಡಿಮೆಯಾಗುತ್ತಿತ್ತು. ಹೀಗಿರುವಾಗ ಮೇಷ್ಟ್ರು ಬೆತ್ತ ಹಿಡಿದು ಕಂಠಪಾಠ ಮಾಡಿಸದೆ ಇನ್ನೇನು ಮಾಡಿಯಾರು? ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಈ ಪದ್ಧತಿ ಕಾಗದದ ಮೇಲೆ ಕೊನೆಗೊಂಡಿತಾದರೂ ಅದು ಬಿತ್ತಿದ ಭಯ ಬೇಗ ಹೋಗಲಿಲ್ಲ. ರುಮಾಲು, ಕೋಟು ತೊಟ್ಟವರು ಶಾಲೆಯ ಮೆಟ್ಟಿಲು ಹತ್ತಿದರೆ ಮಕ್ಕಳಿಗೆ ನಡುಕ, ಮೇಷ್ಟ್ರಿಗೆ ಅದಕ್ಕಿಂತ ಹೆಚ್ಚಿನ ನಡುಕ.

ಆ ಅಧಿಕಾರದಲ್ಲಿ ಕುಳಿತ ಪಂಜೆಯವರು ಮಕ್ಕಳಿಗೆ ಕತೆ ಹೇಳುತ್ತಿದ್ದರು. ಹೇಳುವುದಷ್ಟೇ ಅಲ್ಲ, ಕುಣಿದು, ದನಿ ಬದಲಿಸಿ, ಕೈಕಾಲು ಆಡಿಸಿ ಅಭಿನಯಿಸುತ್ತಿದ್ದರೆಂಬುದು ಅವರನ್ನು ಕಂಡವರೆಲ್ಲ ಉಳಿಸಿಹೋದ ನೆನಪು. ಇದನ್ನು ಸಹೃದಯತೆಯ ಒಂದು ಸೊಗಸಾದ ಪ್ರಸಂಗವೆಂದು ಓದಿ ಮುಗಿಸುವುದು ಸಾಲದು. ಪರೀಕ್ಷಿಸಲು ಬಂದ ಅಧಿಕಾರಿ ತಾನೇ ಪಾಠವಾಗಿ ನಿಂತಾಗ, ಪಾಠ ಹೇಗಿರಬಹುದೆಂಬುದನ್ನು ಮೇಷ್ಟ್ರೂ ಕಣ್ಣಾರೆ ಕಾಣುತ್ತಾನೆ. ಸುತ್ತೋಲೆಗಿಂತ ಅದು ಹೆಚ್ಚು ದೂರ ಹೋಗುತ್ತದೆ.

ಹಾವಿನ ಹಾಡನ್ನೇ ತೆಗೆದುಕೊಳ್ಳಿ. ಒಂದೊಂದು ನುಡಿಯಲ್ಲೂ ಮಗು ಒಂದೊಂದು ಕೆಲಸ ಮಾಡುತ್ತದೆ. ಮೊದಲು ಕೈಮುಗಿದು ಹಾಲಿನ ಆಸೆ ತೋರಿಸಿ ಹಾವನ್ನು ಕರೆಯುತ್ತದೆ. ಅನಂತರ ಹೆಡೆ ಬಿಚ್ಚಲು ಹೇಳಿ ಕೊಳಲು ಊದುತ್ತದೆ. ಆಮೇಲೆ ಬಡವರಿಗಾಗಿ ಹೊನ್ನು ಕೇಳಿ ಕೈಚಾಚುತ್ತದೆ. ಕೊನೆಗೆ ಹೆದರಿ, ನಮಸ್ಕರಿಸಿ, ಹೊರಗೆ ಸಾಗಹಾಕುತ್ತದೆ. ನುಡಿಯ ಕೊನೆಯಲ್ಲಿ ಒಂದೇ ಅಕ್ಷರ ಎಂಟು ಸಲ ಬರುತ್ತದೆ. ಕನ್ನಡ ಅರಿಯದ ಮಗುವೂ ಆ ಒಂದಕ್ಷರವನ್ನು ಮೊದಲ ದಿನವೇ ಹೇಳಬಲ್ಲದು, ಕೈಯ ಚಲನೆಯೊಂದಿಗೆ ಹೇಳುವುದರಿಂದ ಅರ್ಥವನ್ನೂ ಹಿಡಿಯಬಲ್ಲದು. ಕರೆಯುವುದು, ಕೇಳುವುದು, ಕಳಿಸುವುದು: ಹೊಸ ಭಾಷೆಯಲ್ಲಿ ಬದುಕಲು ಬೇಕಾದ ಮೊದಲ ಕ್ರಿಯಾಪದಗಳೇ ಅವು. ಹಾಡಿನಲ್ಲಿ ಹಳಗನ್ನಡದ ರೂಪಗಳೂ ಇವೆ, ಎಲ್ಲ ಪದಗಳೂ ಎಳೆಯರಿಗೆ ಸುಲಭವಲ್ಲ. ಆದರೂ ನೂರು ವರ್ಷಗಳಿಂದ ಮಕ್ಕಳು ತಡವರಿಸದೆ ಹಾಡಿದ್ದಾರೆ. ನಾದ ಮುಂದೆ ನಡೆದರೆ ಅರ್ಥ ಅದರ ಬೆರಳು ಹಿಡಿದು ಹಿಂದಿನಿಂದ ಬರುತ್ತದೆ. ಹಂಚಿನ ಮಾಡು, ತೋಟದ ಬದಿ, ಸೌದೆ ಕೊಟ್ಟಿಗೆಗಳ ಈ ನಾಡಿನಲ್ಲಿ ಹಾವು ಚಿತ್ರಪುಸ್ತಕದ ಪ್ರಾಣಿಯಲ್ಲವೆಂಬುದನ್ನೂ ಮರೆಯಬಾರದು. ಮಗುವಿಗೆ ನಿಜವಾಗಿ ಇದ್ದ ಭಯವನ್ನೇ ಎತ್ತಿಕೊಂಡು, ಬೆರಗನ್ನೂ ಎಚ್ಚರವನ್ನೂ ಒಟ್ಟಿಗೆ ಕಲಿಸಿದ ಹಾಡು ಇದು.

‘ಸಿಗಡಿ ಯಾಕೆ ಒಣಗಲಿಲ್ಲ?’ ಎಂಬ ಕತೆಯ ರೀತಿ ಇನ್ನೊಂದು. ಬಿಸಿಲಿಗೆ ಹಾಕಿದ ಸಿಗಡಿ ಒಣಗಲಿಲ್ಲ. ಅದಕ್ಕೆ ಕಾರಣ ಹುಲ್ಲು. ಹುಲ್ಲು ಬೆಳೆಯಲು ಕಾರಣ ಅದನ್ನು ಮೇಯದ ದನ. ದನ ಮೇಯದಿರಲು ಕಾರಣ ಅದನ್ನು ಬಿಡದ ಹುಡುಗ. ಹೀಗೆ ಪ್ರಶ್ನೆಯ ಬೆನ್ನಿಗೆ ಪ್ರಶ್ನೆ. ಮಗು ಇಡೀ ಸರಪಳಿಯನ್ನು ನೆನಪಿಟ್ಟುಕೊಳ್ಳಬೇಕು, ಮುಂದಿನ ಕೊಂಡಿಯನ್ನು ಊಹಿಸಬೇಕು, ಒಂದೇ ವಾಕ್ಯದ ಅಚ್ಚಿನಲ್ಲಿ ಹೊಸ ಹೊಸ ಪದ ಹೊಯ್ಯಬೇಕು. ವ್ಯಾಕರಣವೂ ಕಾರ್ಯಕಾರಣವೂ ಆಟದಲ್ಲಿ ಸೇರಿವೆ. (ಒಣಮೀನಿನ ವಾಸನೆಯ ಕತೆಯನ್ನು ಇಂದಿನ ಪಠ್ಯಪುಸ್ತಕ ಸಮಿತಿಯೊಂದು ಅಷ್ಟು ನಿರಾಯಾಸವಾಗಿ ಒಪ್ಪೀತೇ ಎಂಬ ಕುತೂಹಲ ನನಗಿದೆ.) ‘ಗುಡುಗುಡು ಗುಮ್ಮಟದೇವರು’, ‘ಇಲಿಗಳ ಥಕಥೈ’ ಎಂಬ ಹೆಸರುಗಳನ್ನು ಸುಮ್ಮನೆ ಉಚ್ಚರಿಸಿ ನೋಡಿದರೂ ಸಾಕು, ನಾಲಿಗೆಗೆ ಕಸರತ್ತು, ಕಾಲಿಗೆ ತಾಳ.

ಪಂಜೆಯವರು ಹೀಗೆ ಮಾಡುತ್ತಿದ್ದ ಕಾಲದಲ್ಲಿ ಜಗತ್ತಿನ ಬೇರೆಡೆಗಳಲ್ಲೂ ಅದೇ ಹುಡುಕಾಟ ನಡೆದಿತ್ತು. ಜರ್ಮನಿಯ ಫ್ರೋಬೆಲ್ ಹಾಡು-ಆಟಗಳ ಕಿಂಡರ್‌ಗಾರ್ಟನ್ ಕಲ್ಪಿಸಿ ಆಗಲೇ ಅರ್ಧ ಶತಮಾನ ದಾಟಿತ್ತು. ಟಾಗೋರರ ಶಾಂತಿನಿಕೇತನದ ಶಾಲೆ 1901ರದು. ಮಾರಿಯಾ ಮಾಂಟೆಸೊರಿ ರೋಮಿನಲ್ಲಿ ತಮ್ಮ ಶಿಶುಮಂದಿರ ತೆರೆದದ್ದು 1907ರಲ್ಲಿ. ಅವರಂತೆ ಪಂಜೆಯವರು ಸಿದ್ಧಾಂತ ಗ್ರಂಥ ಬರೆಯಲಿಲ್ಲ, ಸ್ವಂತ ಶಾಲೆ ಕಟ್ಟಲಿಲ್ಲ. ಸರಕಾರದ ಸಾಮಾನ್ಯ ಶಾಲೆಯ ಒಳಗೇ ಇದ್ದು, ಕೈಗೆ ಸಿಕ್ಕ ಮೇಷ್ಟ್ರು, ಸಿಕ್ಕ ಮಕ್ಕಳೊಂದಿಗೆ ಕೆಲಸ ಮಾಡಿದರು. ಖರ್ಚಿಲ್ಲದ ಸಾಮಗ್ರಿ ಅವರದು: ಬಾಯಿ, ಕಿವಿ, ಚಪ್ಪಾಳೆ.

ಆದರೆ ಇನ್ನೊಂದು ಮಾತನ್ನೂ ಇಲ್ಲಿ ಹೇಳಲೇಬೇಕು. ಅದೇ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1890ರ ದಶಕದಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದು ಸ್ವಜಾತಿಯವರಿಂದಲೇ ಬಹಿಷ್ಕಾರ ಅನುಭವಿಸಿದ್ದರು. ಮಗುವಿನ ಸರ್ವಾಂಗೀಣ ವಿಕಾಸದ ಮಾತು ಶಾಲೆಯ ಬಾಗಿಲು ದಾಟಿದ ಮಗುವಿಗೆ ಮಾತ್ರ ಸಲ್ಲುತ್ತದೆ. ಹಾಡು ಎಷ್ಟೇ ಚೆಲುವಾಗಿದ್ದರೂ ಹೊರಗೆ ನಿಲ್ಲಿಸಲ್ಪಟ್ಟವರಿಗೆ ಅದು ಕೇಳಿಸಲಿಲ್ಲ. ಪಂಜೆಯವರನ್ನು ನೆನೆಯುವವರು ರಂಗರಾಯರನ್ನೂ ಜೊತೆಗೇ ನೆನೆಯುವುದು ನ್ಯಾಯ.

ಮುಂದೆ ಇಲಾಖೆ ಪಂಜೆಯವರನ್ನು ಕೊಡಗಿಗೆ ಕಳಿಸಿತು. ಮಡಿಕೇರಿಯ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿ ಅಲ್ಲಿನ ಸುಗ್ಗಿಹಬ್ಬದ ಮೇಲೆ ಅವರು ಬರೆದ ‘ಹುತ್ತರಿ ಹಾಡು’ ಆ ನಾಡಿನ ನಾಡಗೀತೆಯಂತೆಯೇ ಆಗಿಹೋಯಿತು. ಕೊಡವ ಮಾತಿನ ನಾಡಿಗೆ ಕೊಂಕಣಿ ಮನೆಮಾತಿನವರು ಕನ್ನಡದಲ್ಲಿ ಕೊಟ್ಟ ಹಾಡು. 1921ರಲ್ಲಿ ಮಂಗಳೂರಿನಲ್ಲಿ ಗೆಳೆಯರೊಡನೆ ಬಾಲಸಾಹಿತ್ಯ ಮಂಡಲ ಕಟ್ಟಿದರು. ಶಾಲೆಗಳಿಗಾಗಿ ಪದ್ಯಪುಸ್ತಕಗಳನ್ನು ಸಂಕಲಿಸಿದರು. ತುಳು ಪಾಡ್ದನದ ವೀರರ ಕತೆಯನ್ನು ‘ಕೋಟಿಚೆನ್ನಯ’ವಾಗಿ ಕನ್ನಡಕ್ಕೆ ತಂದರು. ತುಳು ಮನೆಯ ಮಗು ತನ್ನ ಅಜ್ಜಿಯ ಪಾಡ್ದನವನ್ನು ಕನ್ನಡದ ಪುಸ್ತಕದಲ್ಲಿ ಕಂಡಾಗ ಶಾಲೆಗೂ ಮನೆಗೂ ನಡುವೆ ಒಂದು ಸಂಕ ಬೀಳುತ್ತದೆ. ಇಷ್ಟೆಲ್ಲ ಮಾಡಿದವರು ಇಟ್ಟುಕೊಂಡ ಕಾವ್ಯನಾಮ ‘ಕವಿಶಿಷ್ಯ’. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರನ್ನು ಹುಡುಕಿಕೊಂಡು ಬಂದಾಗಲೂ ಅವರು ಶಿಷ್ಯರಾಗಿಯೇ ಉಳಿದಿದ್ದರು.

ಅವರು ಹೈದರಾಬಾದಿನಲ್ಲಿ ತೀರಿಕೊಂಡದ್ದು 1937ರ ಅಕ್ಟೋಬರಿನಲ್ಲಿ. ಅದೇ ತಿಂಗಳು ವಾರ್ಧಾದಲ್ಲಿ ಗಾಂಧೀಜಿಯ ಅಧ್ಯಕ್ಷತೆಯಲ್ಲಿ ಸೇರಿದ ಶಿಕ್ಷಣ ಸಮ್ಮೇಳನ ಕೈಗೆಲಸದ ಮೂಲಕ ಕಲಿಕೆಯ ತತ್ತ್ವವನ್ನು ದೇಶದ ಮುಂದಿಟ್ಟಿತು. ಪುತ್ತೂರಿನಲ್ಲಿ ಶಿವರಾಮ ಕಾರಂತರು ಬಾಲವನದ ಪ್ರಯೋಗಗಳಲ್ಲಿ ತೊಡಗಿದ್ದ ಕಾಲವೂ ಅದೇ. ಬಹಳ ವರ್ಷಗಳ ಬಳಿಕ, 1995ರಲ್ಲಿ, ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ‘ನಲಿ-ಕಲಿ’ ಆರಂಭವಾಗಿ 2009ರಲ್ಲಿ ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಇತ್ತ ಹಳೆಯ ತಪಾಸಣೆಯ ಮೋಹವೂ ಸಾಯಲಿಲ್ಲ. 5ನೆಯ ತರಗತಿಯ ಮಕ್ಕಳಿಗೂ ಬೋರ್ಡ್ ಮಾದರಿಯ ಪರೀಕ್ಷೆ ಬೇಕೇ ಎಂಬ ವ್ಯಾಜ್ಯ 2024ರಲ್ಲಿ ಸುಪ್ರೀಂ ಕೋರ್ಟಿನ ತನಕ ಹೋದದ್ದನ್ನು ಓದುಗರು ಬಲ್ಲರು. ಹತ್ತು ವರ್ಷದ ಮಗುವನ್ನು ಅಳೆಯದಿದ್ದರೆ ಕಲಿಸಿದಂತೆ ಆಗದೆಂಬ ನಂಬಿಕೆ ನಮ್ಮಲ್ಲಿ ಅಷ್ಟು ಗಟ್ಟಿಯಾಗಿದೆ.

ಕಳೆದ ಕೆಲವು ವರ್ಷಗಳಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಹಲವು ಶಾಲೆಗಳಿಗೆ ನಾನು ಹೋಗಿಬಂದಿದ್ದೇನೆ. ಮೂಡುಬಿದಿರೆಯ ಕಡೆ ಒಂದು ಶಾಲೆಯಲ್ಲಿ ಚಟುವಟಿಕೆಯ ಹೆಸರಿನಲ್ಲಿ ಸಾಲಾಗಿಟ್ಟಿದ್ದ ಥರ್ಮೋಕೋಲಿನ ಮಾದರಿಗಳೆಲ್ಲ ಪೇಟೆಯ ಸ್ಟೇಶನರಿ ಅಂಗಡಿಯಿಂದ ಬಂದವು. ಮಕ್ಕಳು ಮುಟ್ಟದಂತೆ ಅವಕ್ಕೆ ಪ್ಲಾಸ್ಟಿಕ್ ಹೊದಿಸಿತ್ತು. ಬಂಟ್ವಾಳದ ಬಳಿ ಇನ್ನೊಂದೆಡೆ ತುಳುವಿನಲ್ಲಿ ಪಿಸುಗುಟ್ಟಿದ ಹುಡುಗನಿಗೆ ದಂಡ ಬಿತ್ತು. ಬೆಳ್ತಂಗಡಿಯ ಒಳಗಿನ ಒಂದು ಸರಕಾರಿ ಶಾಲೆಯ ನೆನಪು ಬೇರೆ. ಇಪ್ಪತ್ತಮೂರು ಮಕ್ಕಳು, ತುಳು, ಬ್ಯಾರಿ, ಮಲಯಾಳ, ಕೊಂಕಣಿ ಎಲ್ಲ ಮನೆಮಾತುಗಳೂ ಇದ್ದವು. ಅಧ್ಯಾಪಕಿ ಸಿಗಡಿಯ ಕತೆ ಹೇಳಿ ಮುಗಿಸಿ, ಇನ್ನು ನೀವು ಕಟ್ಟಿ ಎಂದು ಸುಮ್ಮನೆ ಕುಳಿತರು. ಮಕ್ಕಳು ಬಸ್ಸು ಯಾಕೆ ಬರಲಿಲ್ಲ ಎಂಬಲ್ಲಿಂದ ಹೊರಟರು. ಸೇತುವೆ ಮುಳುಗಿತ್ತು, ಹೊಳೆ ತುಂಬಿತ್ತು, ಗುಡ್ಡ ಜರಿದಿತ್ತು, ಮರ ಕಡಿದಿದ್ದರು. ಪದ ಸಿಗದಲ್ಲಿ ಒಬ್ಬಳು ಮಲಯಾಳದಲ್ಲಿ ಹೇಳಿದಳು, ಪಕ್ಕದವನು ಅದನ್ನು ತುಳುವಿಗೆ ತಂದ, ಮೂರನೆಯವಳು ಕನ್ನಡಕ್ಕೆ ಏರಿಸಿದಳು. ಮರ ಯಾಕೆ ಕಡಿದರು ಎಂಬ ಪ್ರಶ್ನೆಗೆ ಬರುವ ಹೊತ್ತಿಗೆ ಎಲ್ಲರೂ ಒಟ್ಟಿಗೆ ಮಾತನಾಡುತ್ತಿದ್ದರು, ಬಿಸಿಯೂಟದ ಗಂಟೆ ಬಾರಿಸಿದ್ದು ಯಾರಿಗೂ ಕೇಳಿಸಲಿಲ್ಲ.