ಪ್ಯಾರಿ ಥಾಮಸ್ ಮತ್ತು ಅವರ ಕಾರು ಬ್ಯಾಬ್ಸ್

ಫೈನಲ್ ಇಯರ್ ಪ್ರಾಜೆಕ್ಟ್ ಹತ್ತಿರ ಬಂತು ಅಂದ್ರೆ, ಹಳೇ ಚಾಸಿಗೆ ಇನ್ನೂ ದೊಡ್ಡ ಎಂಜಿನ್ ಕೂರಿಸೋಣ ಅನ್ನೋ ಆಸೆ ನಮ್ಮಲ್ಲಿ ಯಾರಿಗಾದರೂ ಬಂದೇ ಬರುತ್ತೆ. ಆ ಆಸೆಯಲ್ಲೇ ಬದುಕಿ, ಅದಕ್ಕೇ ಪ್ರಾಣ ಕೊಟ್ಟ ಎಂಜಿನಿಯರ್ ಒಬ್ಬರನ್ನು ಈ ಸಲ ನೆನೆಯೋಣ.

ಜಾನ್ ಗಾಡ್‌ಫ್ರಿ ಪ್ಯಾರಿ ಥಾಮಸ್ ಹುಟ್ಟಿದ್ದು ವೇಲ್ಸ್‌ನ ರೆಕ್ಸ್‌ಹ್ಯಾಮ್‌ನಲ್ಲಿ. ಲಂಡನ್‌ನಲ್ಲಿ ಎಂಜಿನಿಯರಿಂಗ್ ಓದಿ, ಲೇಲ್ಯಾಂಡ್ ಕಂಪನಿಯ ಚೀಫ್ ಎಂಜಿನಿಯರ್ ಆದರು. ನಮ್ಮ ಅಶೋಕ್ ಲೇಲ್ಯಾಂಡ್ ಹೆಸರಿನಲ್ಲಿರೋ ಲೇಲ್ಯಾಂಡ್ ಅದೇ. ಆಮೇಲೆ ಆ ಕೆಲಸ ಬಿಟ್ಟು ಬ್ರೂಕ್‌ಲ್ಯಾಂಡ್ಸ್ ರೇಸ್ ಟ್ರ್ಯಾಕ್‌ನಲ್ಲೇ ಮನೆ ಮಾಡಿಕೊಂಡರು.

1924ರಲ್ಲಿ ಕೌಂಟ್ ಜ್ಬೊರೋವ್‌ಸ್ಕಿ ಎಂಬ ರೇಸರ್ ತೀರಿಕೊಂಡ ಮೇಲೆ, ಅವರ ಒಂದು ಕಾರನ್ನು ಥಾಮಸ್ 125 ಪೌಂಡ್‌ಗೆ ಕೊಂಡರು. ಅದರೊಳಗಿದ್ದದ್ದು ಕಾರಿನ ಎಂಜಿನ್ ಅಲ್ಲ, ವಿಮಾನದ್ದು: 27 ಲೀಟರ್‌ನ ಲಿಬರ್ಟಿ ವಿ-12. ಥಾಮಸ್ ಅದಕ್ಕೆ ತಾವೇ ಡಿಸೈನ್ ಮಾಡಿದ ಪಿಸ್ಟನ್, ನಾಲ್ಕು ಕಾರ್ಬ್ಯುರೇಟರ್ ಹಾಕಿ ಬ್ಯಾಬ್ಸ್ ಅಂತ ಹೆಸರಿಟ್ಟರು. ಹಿಂದಿನ ಚಕ್ರಗಳಿಗೆ ಶಕ್ತಿ ಹೋಗ್ತಿದ್ದದ್ದು ಚೈನ್ ಮೂಲಕ. 1926ರ ಏಪ್ರಿಲ್‌ನಲ್ಲಿ ವೇಲ್ಸ್‌ನ ಪೆಂಡೈನ್ ಕಡಲತೀರದಲ್ಲಿ ಗಂಟೆಗೆ 171 ಮೈಲಿ, ಅಂದರೆ ಸುಮಾರು 275 ಕಿ.ಮೀ. ವೇಗದಲ್ಲಿ ಓಡಿಸಿ ವಿಶ್ವದಾಖಲೆ ಮಾಡಿದರು.

1927ರ ಫೆಬ್ರವರಿಯಲ್ಲಿ ಮಾಲ್ಕಂ ಕ್ಯಾಂಪ್‌ಬೆಲ್ ಆ ದಾಖಲೆ ಮುರಿದರು. ಅದನ್ನು ವಾಪಸ್ ಪಡೆಯೋಕೆ ಮಾರ್ಚ್ 3ರಂದು ಥಾಮಸ್ ಅದೇ ತೀರಕ್ಕೆ ಬಂದರು. ಪೂರ್ತಿ ವೇಗದಲ್ಲಿದ್ದಾಗ ಕಾರು ಉರುಳಿಬಿತ್ತು, ಅವರು ಬದುಕುಳಿಯಲಿಲ್ಲ. ಬ್ಯಾಬ್ಸ್ ಅನ್ನು ಅಲ್ಲೇ ಮರಳಲ್ಲಿ ಹೂತರು.

ಚೈನ್ ತುಂಡಾಗಿ ಬಡಿದದ್ದೇ ಕಾರಣ ಅಂತ ಜನ ಬಹಳ ವರ್ಷ ನಂಬಿದ್ದರು. 1969ರಲ್ಲಿ ಓವೆನ್ ವಿನ್ ಓವೆನ್ ಎಂಬ ಎಂಜಿನಿಯರಿಂಗ್ ಮೇಷ್ಟ್ರು ಕಾರನ್ನು ಅಗೆದು ತೆಗೆಸಿ, ವರ್ಷಗಟ್ಟಲೆ ಕೂತು ಮತ್ತೆ ಓಡೋ ಹಾಗೆ ಮಾಡಿದರು. ಮೊದಲು ಕೈಕೊಟ್ಟಿದ್ದು ಹಿಂದಿನ ಬಲ ಚಕ್ರ ಇರಬಹುದು ಅನ್ನೋ ಅಭಿಪ್ರಾಯ ಆಮೇಲೆ ಬಂತು.

ಚೈನೋ ಚಕ್ರವೋ, ಎರಡೂ ಎಂಜಿನ್‌ನಿಂದಾಚೆ ತಿರುಗೋ ಭಾಗಗಳೇ. ನಮ್ಮ ಪ್ರಾಜೆಕ್ಟ್‌ನಲ್ಲಿ ಅಂಥ ಭಾಗ ಅಂದ್ರೆ ಮೊದಲು ಫ್ಲೈವೀಲ್. 3000 ಆರ್‌ಪಿಎಂನಿಂದ 6000ಕ್ಕೆ ಹೋದರೆ ಅದರೊಳಗಿನ ಒತ್ತಡ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತೆ. ಎರಕದ ಕಬ್ಬಿಣ ಬಾಗಿ ಸೂಚನೆ ಕೊಡಲ್ಲ, ಒಮ್ಮೆಲೇ ಸಿಡಿಯುತ್ತೆ. ಹಾಗಾಗಿ ಹಳೇ ಫ್ಲೈವೀಲ್ ಎಷ್ಟು ಆರ್‌ಪಿಎಂ ತಡೆಯುತ್ತೆ ಅಂತ ಮೊದಲು ನೋಡೋಣ. ಲೇತ್‌ನಲ್ಲಿ ಹೊಸದು ಮಾಡಿಸಿದ್ರೆ ಬ್ಯಾಲೆನ್ಸ್ ಮಾಡಿಸೋಣ, ಸುತ್ತ ಗಟ್ಟಿ ಉಕ್ಕಿನ ಕವಚ ಹಾಕೋಣ. ಟೆಸ್ಟ್ ಮಾಡುವಾಗ ಅದು ತಿರುಗೋ ನೇರಕ್ಕೆ ಯಾರೂ ನಿಲ್ಲೋದು ಬೇಡ.

ಥಾಮಸ್ ನಮಗಿಂತ ಎಷ್ಟೋ ದೊಡ್ಡ ಎಂಜಿನಿಯರ್. ಅವರಿಗೇ ಹೀಗಾಯ್ತು ಅನ್ನೋದನ್ನ ಎಂಜಿನ್ ಸ್ಟಾರ್ಟ್ ಮಾಡೋ ಮುಂಚೆ ಒಮ್ಮೆ ನೆನಪು ಮಾಡಿಕೊಳ್ಳೋಣ.