ಗ್ರೇಸ್ ಹಾಪರ್

ಅಲಾರಾಂ ಗಡಿಯಾರ ಹೇಗೆ ನಡೆಯುತ್ತದೆಂಬುದನ್ನು ಅರಿಯುವ ಆಸೆ ಬಾಲಕಿಯೊಬ್ಬಳಿಗೆ ಉಂಟಾಯಿತು. ಅವಳು ಒಂದು ಗಡಿಯಾರವನ್ನು ಬಿಚ್ಚಿದಳು. ಮರಳಿ ಜೋಡಿಸಲು ಬರಲಿಲ್ಲ. ಜೋಡಣೆಯ ಕ್ರಮವನ್ನು ತಿಳಿಯಲು ಮತ್ತೊಂದನ್ನು ಬಿಚ್ಚಿದಳು. ಹೀಗೆ ಏಳು ಗಡಿಯಾರಗಳು ಬಿಡಿಭಾಗಗಳಾದ ಮೇಲೆ ತಾಯಿಗೆ ಸಂಗತಿ ತಿಳಿಯಿತು. ಅಂದಿನಿಂದ ಅವಳ ಪ್ರಯೋಗಕ್ಕೆ ಒಂದೇ ಗಡಿಯಾರವೆಂದು ನಿಗದಿಯಾಯಿತು. ಈ ಬಾಲಕಿಯೇ ಮುಂದೆ ಗಣಕಯಂತ್ರದ ಇತಿಹಾಸದಲ್ಲಿ ಪ್ರಸಿದ್ಧರಾದ ಗ್ರೇಸ್ ಹಾಪರ್.

ಹಾಪರ್ ಅವರು 1906ರ ಡಿಸೆಂಬರ್ 9ರಂದು ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. 1934ರಲ್ಲಿ ಯೇಲ್ ವಿಶ್ವವಿದ್ಯಾನಿಲಯದಿಂದ ಗಣಿತದಲ್ಲಿ ಡಾಕ್ಟರೇಟ್ ಪದವಿ ಪಡೆದರು. ವಾಸರ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನೌಕಾಪಡೆಯನ್ನು ಸೇರಬಯಸಿದಾಗ, ವಯಸ್ಸು ಹೆಚ್ಚು, ತೂಕ ಕಡಿಮೆ ಎಂಬ ಅಡ್ಡಿ ಎದುರಾಯಿತು. ಅವರು ಎದೆಗುಂದದೆ ವಿನಾಯಿತಿ ಪಡೆದು 1943ರಲ್ಲಿ ಸೇವೆಗೆ ಸೇರಿದರು. ಮರುವರ್ಷ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿದ್ದ ಮಾರ್ಕ್ 1 ಎಂಬ ಗಣಕಯಂತ್ರದ ಕೆಲಸಕ್ಕೆ ನಿಯೋಜಿತರಾದರು. ಸುಮಾರು 51 ಅಡಿ ಉದ್ದದ ಆ ಯಂತ್ರವನ್ನು ನಡೆಸುವ ಬಗೆಯನ್ನು ವಿವರಿಸಿ, 500ಕ್ಕೂ ಹೆಚ್ಚು ಪುಟಗಳ ಕೈಪಿಡಿಯನ್ನು ಸಿದ್ಧಪಡಿಸಿದರು. ಅದು 1946ರಲ್ಲಿ ಪ್ರಕಟವಾಯಿತು.

ಗಣಕಯಂತ್ರಕ್ಕೆ ಕೊಡುವ ಆದೇಶಗಳ ಸರಣಿಗೆ ಕ್ರಮವಿಧಿ ಎಂದು ಹೆಸರು. ಆ ಕಾಲದಲ್ಲಿ ಅದನ್ನು ಅಂಕಿ ಸಂಕೇತಗಳಲ್ಲಿಯೇ ಬರೆಯಬೇಕಾಗಿತ್ತು. ಹಿಂದೆ ಬರೆದಿಟ್ಟ ಆದೇಶಗಳನ್ನು ಟಿಪ್ಪಣಿ ಪುಸ್ತಕದಿಂದ ನಕಲು ಮಾಡುವಾಗ ತಪ್ಪುಗಳು ನುಸುಳುತ್ತಿದ್ದವು. ಈ ಕೆಲಸವನ್ನು ಯಂತ್ರಕ್ಕೇ ಏಕೆ ಒಪ್ಪಿಸಬಾರದೆಂದು ಹಾಪರ್ ಆಲೋಚಿಸಿದರು. 1952ರಲ್ಲಿ ಅವರು ಎ-0 ಎಂಬ ಕಂಪೈಲರನ್ನು ರೂಪಿಸಿದರು. ಅದು ಸಿದ್ಧ ಆದೇಶಗಳನ್ನು ತಾನೇ ಆರಿಸಿ ಜೋಡಿಸುತ್ತಿತ್ತು. ಲೆಕ್ಕ ಮಾಡುವ ಯಂತ್ರವು ಕ್ರಮವಿಧಿಯನ್ನು ರಚಿಸೀತೆಂದು ಹಲವರು ನಂಬಲೇ ಇಲ್ಲ.

ಹಾಪರ್ ಅಷ್ಟಕ್ಕೆ ತೃಪ್ತರಾಗಲಿಲ್ಲ. ಸಂಕೇತಗಳ ಪರಿಚಯವಿಲ್ಲದ ವ್ಯವಹಾರಸ್ಥರೂ ಕ್ರಮವಿಧಿಯನ್ನು ಓದಿ ತಿಳಿಯುವಂತಿರಬೇಕೆಂಬುದು ಅವರ ನಿಲುವು. ಇಂಗ್ಲಿಷ್ ಪದಗಳಲ್ಲಿಯೇ ಆದೇಶ ಬರೆಯಬಹುದಾದ ಫ್ಲೋ-ಮ್ಯಾಟಿಕ್ ಭಾಷೆಯನ್ನು ಅವರ ತಂಡ ರೂಪಿಸಿತು. 1959ರಲ್ಲಿ ಸಮಿತಿಯೊಂದು ಕೋಬಾಲ್ ಭಾಷೆಯ ರಚನೆಗೆ ತೊಡಗಿದಾಗ ಇದೇ ಮುಖ್ಯ ಆಧಾರವಾಯಿತು. 1967ರಲ್ಲಿ ನೌಕಾಪಡೆ ಅವರನ್ನು ನಿವೃತ್ತಿಯಿಂದ ಮರಳಿ ಕರೆಸಿ, ಕೋಬಾಲಿನ ಬಳಕೆಯಲ್ಲಿ ಏಕರೂಪತೆಯನ್ನು ತರುವ ಹೊಣೆಯನ್ನು ಒಪ್ಪಿಸಿತು. ಅವರ ಕೊಠಡಿಯಲ್ಲಿ ಮುಳ್ಳುಗಳು ಹಿಮ್ಮುಖವಾಗಿ ತಿರುಗುವ ಗಡಿಯಾರವೊಂದಿತ್ತು. ರೂಢಿಯೊಂದೇ ಯಾವ ಕೆಲಸಕ್ಕೂ ಕಾರಣವಾಗಬಾರದೆಂಬುದನ್ನು ಅದು ನೆನಪಿಸುತ್ತಿತ್ತು. 1986ರಲ್ಲಿ, 79ನೆಯ ವಯಸ್ಸಿನಲ್ಲಿ, ರಿಯರ್ ಅಡ್ಮಿರಲ್ ಪದವಿಯಿಂದ ನಿವೃತ್ತರಾದ ಅವರು 1992ರ ಜನವರಿ 1ರಂದು ನಿಧನರಾದರು.

ಓದಿ ತಿಳಿಯಬಲ್ಲ ಕ್ರಮವಿಧಿಯ ಬೆಲೆ ಏನೆಂಬುದು ಅವರ ಕಾಲಾನಂತರ ಚೆನ್ನಾಗಿ ಅರಿವಾಯಿತು. ಹಳೆಯ ಕ್ರಮವಿಧಿಗಳಲ್ಲಿ ಸ್ಥಳ ಉಳಿಸಲೆಂದು ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆಯುತ್ತಿದ್ದರು. 2000ನೆಯ ವರ್ಷವನ್ನು ಯಂತ್ರವು 1900 ಎಂದು ತಿಳಿಯುವ ಅಪಾಯ ಒದಗಿತು. ಬರೆದವರಲ್ಲಿ ಅನೇಕರು ಆ ವೇಳೆಗೆ ನಿವೃತ್ತರಾಗಿದ್ದರು. ಅನ್ಯರು ಬರೆದುದನ್ನು ಸಾಲುಸಾಲಾಗಿ ಓದಿ ತಿದ್ದಬೇಕಾಯಿತು. 2020ರಲ್ಲಿ, ಕೋವಿಡ್ ಸಾಂಕ್ರಾಮಿಕದ ಸಂಕಟದ ನಡುವೆ, ನ್ಯೂಜೆರ್ಸಿ ರಾಜ್ಯವು ತನ್ನ ಹಳೆಯ ಗಣಕವ್ಯವಸ್ಥೆಗಳಿಗಾಗಿ ಕೋಬಾಲ್ ಬಲ್ಲವರ ನೆರವನ್ನು ಬಹಿರಂಗವಾಗಿ ಕೋರಿತು.

ಇಂದು ಕೃತಕ ಬುದ್ಧಿಮತ್ತೆಯ ಸಾಧನಗಳು ಅಲ್ಪಕಾಲದಲ್ಲಿ ನೂರಾರು ಸಾಲುಗಳನ್ನು ಬರೆದುಕೊಡುತ್ತವೆ. ಅವುಗಳಿಗೂ ಹಾಪರ್ ಅವರ ಕಂಪೈಲರಿಗೂ ಒಂದು ಭೇದವುಂಟು. ಕಂಪೈಲರು ದುಡಿಯುವುದು ಮನುಷ್ಯನು ಬರೆದ ಮೂಲದ ಆಧಾರದ ಮೇಲೆ; ತಿದ್ದಬೇಕಾದಾಗ ಆ ಮೂಲವು ಕೈಯಲ್ಲಿರುತ್ತದೆ. ಹೊಸ ಸಾಧನಗಳಾದರೋ ಮೂಲವನ್ನೇ ಬರೆಯುತ್ತವೆ. ಯಾರೂ ಓದಿ ಅರಿಯದೆ ಅದನ್ನು ಬಳಕೆಗೆ ತಂದರೆ, ವರ್ಷಗಳು ಕಳೆದು ದೋಷ ತಲೆದೋರಿದಾಗ, ಅದು ಹಾಗೇಕಿದೆಯೆಂದು ಹೇಳಬಲ್ಲವರು ಇರುವುದಿಲ್ಲ. ತಿದ್ದಲು ಕುಳಿತವರಿಗೆ ಬಿಚ್ಚಿದ ಗಡಿಯಾರದ ಮುಂದೆ ಕುಳಿತ ಬಾಲಕಿಯ ಪಾಡೇ ಒದಗುತ್ತದೆ. ಬರೆಯುವ ಶ್ರಮವನ್ನು ಯಂತ್ರಕ್ಕೆ ಒಪ್ಪಿಸಬಹುದು; ಅರಿಯುವ ಹೊಣೆಯನ್ನು ಮನುಷ್ಯನೇ ಹೊರಬೇಕು. ಯಂತ್ರದಿಂದ ದುಡಿಸಿಯೂ ಮನುಷ್ಯನ ಅರಿವಿಗೆ ದಾರಿ ತೆರೆದಿಟ್ಟ ಗ್ರೇಸ್ ಹಾಪರ್ ಅವರ ಜೀವನವು ಈ ವಿವೇಕವನ್ನು ಬೋಧಿಸುತ್ತದೆ.